ಬೆಂಕಿ ಸಿಲಿಂಡರ್

ಥಿನ್ನರ್ ವಾಸನೆ ಬಂದರೆ ಈಗಲೂ ಹಂಪಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಹಿಂದಿನ ದಿನ ಎಲ್ಲವೂ ಎಂದಿನಂತೆಯೇ ಇತ್ತು. ಮನೆಯ ಪಕ್ಕದ ಶೆಡ್ಡಿನಲ್ಲಿ ಮಂಚ, ಬಾಗಿಲುಗಳಿಗೆ ಪಾಲಿಶ್ ಹಾಕುತ್ತಿದ್ದ ಅಪ್ಪ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದನ್ನು ಮೈಸೂರಿನಿಂದ ತಂದು ಗೋಡೆಗೆ ನೇತುಹಾಕಿದರು. ಅಜ್ಜಿ ಅದನ್ನು ದೂರದಿಂದಲೇ ನೋಡಿದಳು.

“ಏನ್ಲಾ ಇದು, ಗ್ಯಾಸಾ?”

“ಅಲ್ಲ ಕಣವ್ವ, ಬೆಂಕಿ ಸಿಲಿಂಡರ್. ಥಿನ್ನರ್ ಹತ್ಕೊಂಡ್ರೆ ನೀರು ಹಾಕಂಗಿಲ್ಲ. ಅದ್ಕೇ ಪುಡಿ ತುಂಬಿರೋದು ತಂದಿವ್ನಿ.”

“ಬೆಂಕಿ ಅಂತ ಎಸ್ರಿಟ್ಕೊಂಡಿರೋದು ಬೆಂಕಿ ಆರುಸ್ತದಾ? ಮಾರೋನು ಏನೋ ಏಳವ್ನೆ, ನೀನು ನಂಬಿದ್ದೀಯ.”

“ನಿನ್ ಬಾಯ್ಗೂ ಒಂದು ತರ್ಬೇಕಿತ್ತು ಬುಡು,” ಎಂದು ಅಪ್ಪ ನಕ್ಕರು.

ಅಜ್ಜಿ ನಗಲಿಲ್ಲ. ಸಂಜೆಯವರೆಗೂ ಅದರ ಕರಿ ಮೂತಿಯ ಮೇಲೆಯೇ ಕಣ್ಣಿಟ್ಟಿದ್ದಳು. ನನ್ನನ್ನೂ ಆ ಕಡೆ ಸುಳಿಯಲು ಬಿಡಲಿಲ್ಲ.

ಮರುದಿನ ಅಪ್ಪ ಊಟಕ್ಕೆ ಕೂತಾಗ, ಬಿಸಿಲಿನ ಕಾವಿಗೆ ಅದು ಸಿಡಿದೀತೆಂದು ಅಜ್ಜಿ ಸೆರಗಿನಲ್ಲಿ ಸುತ್ತಿ ಹಿತ್ತಲಿಗೆ ಒಯ್ದಳು. ನೀರಿನ ತೊಟ್ಟಿಯ ನೆರಳಿನಲ್ಲಿಟ್ಟು ಒದ್ದೆ ಗೋಣಿಚೀಲ ಹೊದಿಸಿದಳು.

“ತಣ್ಣಗಿರ್ಲಿ ಮೊಗಾ,” ಎಂದಳು ನನಗೆ.

ಊಟ ಮುಗಿಸಿ ಅಪ್ಪ ಗೋಡೆಯ ಕಡೆ ನೋಡದೆ ಶೆಡ್ಡಿನಲ್ಲಿ ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೆ, ಬಾಗಿಲ ಬಳಿಯ ಸ್ವಿಚ್ಚಿನಿಂದ ಹಾರಿದ ಕಿಡಿ ಥಿನ್ನರ್ ಬಟ್ಟೆಗೆ ಬಿತ್ತು.

“ಅವ್ವಾ, ಸಿಲಿಂಡರ್ ಎಲ್ಲವ್ವಾ?” ಎಂದು ಅಪ್ಪ ಒಳಗಿನಿಂದ ಕೂಗಿದರು.

ಅಜ್ಜಿ ಹಿತ್ತಲಿಗೆ ಓಡಿದಳು. ಅವಳು ಅದನ್ನು ಎತ್ತಿಕೊಂಡು ಬರುವಷ್ಟರಲ್ಲಿ ಬೆಂಕಿಯಲ್ಲಿ ಶೆಡ್ಡಿನ ಬಾಗಿಲೇ ಕಾಣುತ್ತಿರಲಿಲ್ಲ. ಅಪ್ಪ ಹೊರಗೆ ಬರಲಿಲ್ಲ.

ಅಜ್ಜಿ ಇನ್ನೂ ಇದ್ದಾಳೆ. ಅವಳನ್ನು ಅವ್ವಾ ಎಂದು ಕರೆಯುವವರು ಇಲ್ಲ.