ಪಾತ್ಯೆತಾಂ

"ಬರುವುದಿಲ್ಲವಂತೆ," ಎಂದಳು ಕ್ರಿಸ್ಟಿನ್, ಫೋನನ್ನು ಬ್ಯಾಗಿಗೆ ತುರುಕುತ್ತಾ. "ತಲೆನೋವಂತೆ. ಬೆಳಿಗ್ಗೆ ಬಿಜೈ ಮಾರ್ಕೆಟಿನಲ್ಲಿ ಬಂಗುಡೆ ಮೀನಿಗೆ ಚೌಕಾಸಿ ಮಾಡುವಾಗ ಇಲ್ಲದ ತಲೆನೋವು! ಏವ್ರಿಲ್, ಇನ್ನು ನೀನೇ ನಿಲ್ಲಬೇಕು."

ಇಗರ್ಜಿಯ ಅಂಗಳದಲ್ಲಿ ಸ್ಕೂಟರಿಗೆ ಒರಗಿ ನಿಂತಿದ್ದ ಏವ್ರಿಲ್ ಅಕ್ಕನ ಮುಖ ನೋಡಿದಳು. ಒಳಗೆ ಅಕ್ಕನ ಮಗಳು ನತಾಶಾ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಮದುವೆಯಾಗದ ನತಾಶಾಳ ಕೂಸು. ಅದಕ್ಕೇ ಭಾನುವಾರ ಬಿಟ್ಟು ಮಂಗಳವಾರ ಮಧ್ಯಾಹ್ನ ಸದ್ದಿಲ್ಲದೆ ಜ್ಞಾನಸ್ನಾನ. ಅದಕ್ಕೇ, ಕೂಸಿನ ಪರವಾಗಿ ಪ್ರಮಾಣ ಹೇಳುವ ಗಾಡ್‌ಮದರ್ ಆಗಲು ಒಪ್ಪಿದ್ದ ಕ್ರಿಸ್ಟಿನಳ ನಾದಿನಿಗೆ ತಲೆನೋವು. ಅವಳಿಗಿಂತ ಮೊದಲು ಕೇಳಿದವರಲ್ಲಿ ಒಬ್ಬಳಿಗೆ ಮಂಡಿನೋವು ಬಂದಿತ್ತು, ಇನ್ನೊಬ್ಬಳಿಗೆ ದುಬೈಯಿಂದ ನೆಂಟರು ಬಂದಿದ್ದರು.

"ನಾನಾ? ಒಳಗೆ ನಾನು ಬಾಯಿ ತೆರೆಯುವುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ."

ಗೊತ್ತಿತ್ತು. ಪ್ರತಿ ಭಾನುವಾರ ಅಕ್ಕನನ್ನು ಪೂಜೆಗೆ ಕರೆತರುವ ಏವ್ರಿಲ್ ಹಿಂದಿನ ಬೆಂಚಿನಲ್ಲಿ ನಿಂತಿರುತ್ತಿದ್ದಳು. ಎಲ್ಲರೂ ವಿಶ್ವಾಸ ಪ್ರಮಾಣ ಹೇಳುವಾಗ ತುಟಿ ಬಿಗಿಹಿಡಿಯುತ್ತಿದ್ದಳು. ನಂಬಿಕೆ ಹೋಗಲು ಅವಳ ಪಾಲಿಗೆ ಯಾರೂ ಸತ್ತದ್ದಲ್ಲ, ಏನೂ ಮುಳುಗಿದ್ದಲ್ಲ. ಒಂದು ಭಾನುವಾರ, ನಂಬುತ್ತೇನೆ ಎಂದು ತಾನು ಹೇಳುತ್ತಿರುವಾಗಲೇ, ಬಾಯಿ ಮಾತ್ರ ಅಲ್ಲಾಡುತ್ತಿದೆ, ಒಳಗೆ ಯಾರೂ ಇಲ್ಲ ಎಂದು ಅನಿಸಿಬಿಟ್ಟಿತ್ತು. ಅಂದಿನಿಂದ ಆ ಬಾಯಿಯನ್ನು ಮುಚ್ಚಿದ್ದಳು.

"ಫಾದರ್ ಕೇಳಿದ್ದಕ್ಕೆ ‘ಪಾತ್ಯೆತಾಂ’ ಅಂದ್ರೆ ಮುಗೀತು," ಎಂದಳು ಕ್ರಿಸ್ಟಿನ್. "ನಂಬ್ತೇನೆ ಅನ್ನುವ ಆ ಒಂದು ಮಾತು ನಾಲಿಗೆಗೆ ಎಂತ ಅಷ್ಟು ಭಾರ?"

"ಬೇರೆ ಎಂತ ಸುಳ್ಳು ಬೇಕಾದ್ರೂ ಹೇಳಿಸು ಅಕ್ಕ. ಅಳಿಯ ಕುವೈತಿನಲ್ಲಿದ್ದಾನೆ ಅಂತ ನಿನಗೋಸ್ಕರ ಊರಿಗೆಲ್ಲ ಹೇಳಿ ಆಯ್ತು. ಇದೊಂದು ಮಾತಿಗೆ ಸುಳ್ಳು ಬೆರೆಸುವುದಿಲ್ಲ."

ಒಳಗೆ ಹೋಗಿ ಫಾದರ್ ಜಾರ್ಜ್ ಅವರ ಹತ್ತಿರವೂ ಅದನ್ನೇ ಹೇಳಿದಳು. ಅವರು ಸಿಟ್ಟಾಗಲಿಲ್ಲ. "ಸುಳ್ಳು ನನಗೂ ಬೇಡ. ನಾನು ಕೇಳ್ತೇನೆ. ಬಂದರೆ ಹೇಳಿ. ಬಾರದಿದ್ದರೆ ಮಗುವನ್ನು ಇನ್ನೊಂದು ದಿನ ತನ್ನಿ."

"ಇನ್ನೊಂದು ದಿನ ಮಾತ್ರ ಯಾರು ಸಿಗ್ತಾರೆ ಫಾದರ್?" ಎಂದಳು ಕ್ರಿಸ್ಟಿನ್.

ಜ್ಞಾನಸ್ನಾನದ ತೊಟ್ಟಿಯ ಸುತ್ತ ನಿಂತರು. "ಸೈತಾನನನ್ನೂ ಅವನ ಪೊಳ್ಳು ಆಡಂಬರವನ್ನೂ ತ್ಯಜಿಸುತ್ತೀರಾ?"

"ತ್ಯಜಿಸುತ್ತೇನೆ!" ಎಂದಳು ಏವ್ರಿಲ್. ಅದು ಸುಲಭವಿತ್ತು. ಪೊಳ್ಳು ಆಡಂಬರ ಎಂದ ಕೂಡಲೇ ಆ ತಲೆನೋವು, ಮಂಡಿನೋವು, ದುಬೈಯ ನೆಂಟರು ಸಾಲಾಗಿ ಕಣ್ಣೆದುರು ಬಂದು ನಿಂತಿದ್ದರು.

"ಭೂಮಿ ಆಕಾಶಗಳನ್ನು ಉಂಟುಮಾಡಿದ ಪಿತ ದೇವರನ್ನು ನಂಬುತ್ತೀರಾ?"

ನಾಲಿಗೆ ಏಳಲಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಕ್ರಿಸ್ಟಿನ್ ತಂಗಿಯ ತೋಳು ಚಿವುಟಿದಳು. ಅಷ್ಟರಲ್ಲಿ ನತಾಶಾ ಚಿಕ್ಕಮ್ಮನ ಕಡೆ ತಿರುಗಿ, "ಬಿಡಿ ಮಾವ್ಶಿ, ಮನೆಗೆ ಹೋಗುವ," ಎಂದಳು, ಕೂಸಿನ ತಲೆಯ ಮೇಲಿನ ಬಟ್ಟೆಯನ್ನು ಸರಿಪಡಿಸುತ್ತಾ. "ಇವಳಿಗೆ ಯಾರೂ ಬೇಡ."

ಫಾದರ್ ಅವಸರ ಮಾಡಲಿಲ್ಲ. ಸ್ವಲ್ಪ ಕಾದು ಮುಂದಿನದ್ದನ್ನು ಕೇಳಿದರು. "ಕನ್ಯಾ ಮರಿಯಮ್ಮನವರಲ್ಲಿ ಹುಟ್ಟಿ, ಶಿಲುಬೆಯ ಮೇಲೆ ಸತ್ತು, ಮತ್ತೆ ಎದ್ದುಬಂದ ಯೇಸುವನ್ನು ನಂಬುತ್ತೀರಾ?"

ಈ ಮಾತಿನಲ್ಲಿ ಏವ್ರಿಲ್ ಯಾವಾಗಲೂ ತಡವರಿಸುತ್ತಿದ್ದುದು ಕನ್ಯೆ ಎನ್ನುವಲ್ಲಿ. ಇಂದು ಮನಸ್ಸು ಬಸುರಿಯ ಹತ್ತಿರ ಹೋಗಿ ನಿಂತಿತು. ತುಂಬು ಹೊಟ್ಟೆ ಹೊತ್ತು ಆ ಹುಡುಗಿ ಮರಿಯಮ್ಮನೂ ಹೆರಿಗೆಗೆ ಜಾಗ ಕೇಳಿ ಬಾಗಿಲು ತಟ್ಟಿದ್ದಳಲ್ಲ. ಜಾಗವಿಲ್ಲವೆಂದ ಆ ಛತ್ರದವರಿಗೂ ಆ ದಿನ ತಲೆನೋವು ಬಂದಿರಬೇಕು, ಮನೆತುಂಬ ನೆಂಟರಿರಬೇಕು. ನೆವ ಹೇಳುವವರ ಮನೆಗಳನ್ನೆಲ್ಲ ಬಿಟ್ಟು, ಊರು ಆಡಿಕೊಳ್ಳುವ ಆ ಒಂದು ಒಡಲನ್ನೇ ಹುಡುಕಿಕೊಂಡು ಬಂದವನು ಅವನು! ಹಾಗೆ ಬಂದವನನ್ನು ನಂಬುತ್ತೇವೆಂದು ಪ್ರತಿ ಭಾನುವಾರ ಎತ್ತರದ ದನಿಯಲ್ಲಿ ಹೇಳುವವರು ಇವತ್ತು ಈ ಕೂಸನ್ನು ಎತ್ತಿಕೊಳ್ಳಲು ಬರಲಿಲ್ಲ. ಆದರೂ ಆ ಮಾತು ಅವರದ್ದೇ ಮನೆಯ ಆಸ್ತಿಯೆಂಬಂತೆ ಬಿಟ್ಟುಕೊಟ್ಟು ಹಿಂದಿನ ಬೆಂಚಿಗೆ ಹೋದವಳು ತಾನು. ಯಾಕೆ ಬಿಟ್ಟುಕೊಡಬೇಕು? ಮೊದಲು ಬಂದದ್ದು ಸಿಟ್ಟು. ಆ ಸಿಟ್ಟಿನ ಬೆನ್ನಿಗೆ ಇನ್ನೇನೋ ಬಂತು. ಸುಳ್ಳೇನೋ ಎಂದು ಏವ್ರಿಲ್ ಅದನ್ನು ತಡೆದು ನೋಡಿದಳು. ಸುಳ್ಳಾಗಿರಲಿಲ್ಲ.

"ಪಾತ್ಯೆತಾಂ."

ಖಾಲಿ ಬೆಂಚುಗಳಿಗೆಲ್ಲ ಬಡಿದು ಬಂತು ದನಿ.

"ಮೆಲ್ಲ ಹೇಳು, ರಸ್ತೆಗೆ ಕೇಳ್ತದೆ!" ಕ್ರಿಸ್ಟಿನ್ ಪಿಸುಗುಟ್ಟಿದಳು.

"ಕೇಳಲಿ. ಫಾದರ್, ಆ ಮೊದಲಿನದ್ದನ್ನು ಪುನಃ ಕೇಳಿ. ಈಗ ಹೇಳ್ತೇನೆ."

ಫಾದರ್ ಕೇಳಿದರು. ಅವಳು ಹೇಳಿದಳು, ಇನ್ನೂ ಗಟ್ಟಿಯಾಗಿ. ನೀರು ತಲೆಗೆ ಬಿದ್ದಾಗ ಕೂಸೂ ಇಗರ್ಜಿ ಹಾರಿಹೋಗುವಂತೆ ಕಿರುಚಿತು. "ಮಾವ್ಶಿಯ ಗಂಟಲೇ ಬಂದಿದೆ," ಎಂದ ನತಾಶಾ ಎಷ್ಟೋ ತಿಂಗಳ ಮೇಲೆ ನಕ್ಕಳು.

ಕೊನೆಗೆ ಫಾದರ್ ದೊಡ್ಡ ಮೇಣದ ಬತ್ತಿಯಿಂದ ಒಂದು ಸಣ್ಣ ಬತ್ತಿ ಹಚ್ಚಿ, ಮಗುವಿನ ಪರವಾಗಿ ಹಿಡಿಯಲು ಏವ್ರಿಲಳ ಕೈಗೆ ಕೊಟ್ಟರು. ಕಾರ್ಯ ಮುಗಿಯಿತು. ಕ್ರಿಸ್ಟಿನ್ ಬ್ಯಾಗು ತೆರೆದು ಹಿಡಿದಳು. "ಊದಿ ಇದಕ್ಕೆ ಹಾಕು. ಎದುರು ಬಸ್‌ಸ್ಟಾಪಿನಲ್ಲಿ ನಮ್ಮವರೇ ನಿಂತಿದ್ದಾರೆ."

ಏವ್ರಿಲ್ ಊದಲಿಲ್ಲ. ಒಂದು ಕೈಯನ್ನು ಜ್ವಾಲೆಗೆ ಅಡ್ಡ ಹಿಡಿದು, ನತಾಶಾಳನ್ನೂ ಕೂಸನ್ನೂ ಮುಂದೆ ಬಿಟ್ಟುಕೊಂಡು, ಸುಡುವ ಬಿಸಿಲಿಗೆ ಇಳಿದೇಬಿಟ್ಟಳು. ಬಸ್‌ಸ್ಟಾಪಿನಲ್ಲಿ ಕೊಡೆಗಳು ಒಂದೊಂದಾಗಿ ಇತ್ತ ತಿರುಗಿದವು.

"ಹೊರಗೆ ಗಾಳಿ ಉಂಟು ಏವ್ರಿಲ್, ಆರಿಹೋಗ್ತದೆ!"

"ಆರಿದರೆ ಪುನಃ ಹಚ್ಚುವ ಮಾರಾಯ್ತಿ," ಎಂದಳು ಏವ್ರಿಲ್, ತಿರುಗಿ ನೋಡದೆ. "ಮಂಗಳೂರಿನಲ್ಲಿ ಬೆಂಕಿಪೊಟ್ಟಣಕ್ಕೆ ಬರಗಾಲ ಬಂದಿಲ್ಲ."