ಹಸಿರು ಬಣ್ಣದ ಮನೆ

"ಇಲ್ಲೇ ಐತಿ ನೋಡ್ರಿ ನಿಮ್ಮ ಮನಿ," ಎಂದು ನಗರ ಯೋಜನೆಯ ಸಾಹೇಬರು ನಕ್ಷೆಯ ಹಸಿರು ಬಣ್ಣದ ಮೇಲೆ ಪೆನ್ಸಿಲ್ ಊರಿದರು. "ಎರಡು ಸಾವಿರದ ಹನ್ನೊಂದಕ್ಕ ಇದು ಮಕ್ಕಳ ಉದ್ಯಾನ ಆಗ್ತದ. ಅಲ್ಲೀತನಕಾ ಆರಾಮ ಇರ್ರಿ. ಆದ್ರ ಹೊಸಾ ಖೋಲಿ ಕಟ್ಟಾಕ ಪರವಾನಗಿ ಕೊಡಾಕ ಬರೂದಿಲ್ಲ."

ಅದು ೧೯೯೩. ರಾಣೇಬೆನ್ನೂರಿನ ಮುಮ್ತಾಜಬಿ ತನ್ನ ಒಂದೇ ಖೋಲಿಯ ಮನೆಗೆ ಇನ್ನೊಂದನ್ನು ಸೇರಿಸಲು ಅರ್ಜಿ ತಂದಿದ್ದಳು. ಮಗ ನಾಸೀರನಿಗೆ ಹೆಣ್ಣು ಕೊಡಲು ಒಪ್ಪಿದ್ದ ಬ್ಯಾಡಗಿಯ ಮಹಮ್ಮದ್ ಹನೀಫ್, ಖೋಲಿ ಎದ್ದ ಮೇಲೇ ನಿಕಾಹ್ ಎಂದಿದ್ದ. ಪರವಾನಗಿಯನ್ನು ಕಣ್ಣಾರೆ ನೋಡಲು ಅವನೂ ಬಂದು ಬೆಂಚಿನ ಮೇಲೆ ಕುಳಿತಿದ್ದ. ಸಾಹೇಬರದು ಹದಿನೆಂಟು ವರ್ಷದ ಯೋಜನೆ, ಆಕೆಯದು ಒಂದು ಗೋಡೆಯ ಯೋಚನೆ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಮ್ಮಾ," ಎಂದರು ಸಾಹೇಬರು. "ಆ ಉದ್ಯಾನದಾಗ ನಿಮ್ಮ ಮೊಮ್ಮಕ್ಕಳೇ ಜೋಕಾಲಿ ಆಡ್ತಾವ."

"ಒಂದ ಖೋಲ್ಯಾಗ ನಾವು ಆರು ಮಂದಿ ಮಲಗ್ತೀವ್ರಿ ಸಾಹೇಬ್ರ," ಎಂದಳು ಮುಮ್ತಾಜಬಿ. "ಮೊಮ್ಮಕ್ಕಳು ಎಲ್ಲಿಂದ ಬರಬೇಕ್ರಿ?"

ಕಚೇರಿಗೆ ಕಚೇರಿಯೇ ನಕ್ಕಿತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಗುವ ಸಾಹೇಬರು ಸಹಿಯನ್ನೂ ಹಾಕಿಯಾರೆಂಬ ಆಸೆಯಿಂದ ಮುಮ್ತಾಜಬಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗು ಮುಗಿದ ಮೇಲೆ ಸಾಹೇಬರು ಅರ್ಜಿಯನ್ನು ನೀಟಾಗಿ ಮಡಚಿ ಆಕೆಯ ಕೈಗೆ ವಾಪಸು ಕೊಟ್ಟರು.

ಹನೀಫ್ ಬೆಂಚಿನಿಂದ ಎದ್ದ. ಅವನೊಬ್ಬನೇ ನಕ್ಕಿರಲಿಲ್ಲ.

"ನೀವು ಹೇಳಿದ್ದು ಖರೇ ಐತಿ ಆಪಾ," ಎಂದ. "ನಮ್ಮ ಹುಡುಗಿಗೆ ನಾವು ಬ್ಯಾರೇ ಕಡೆ ನೋಡ್ತೀವಿ."