ಕೇರಿಯ ದನಿ

ಕೇರಿಯ ಹುಡುಗಿಯೊಬ್ಬಳು ಮನೆಯವರಿಗೆ ತಿರುಗಿಬೀಳುವ ಚಿತ್ರ ಅದು. ಆ ಪಾತ್ರ ಮಾಡಿದ್ದ ಕೇರಿಯದೇ ಹುಡುಗಿ ಡಬ್ಬಿಂಗ್ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ತೆರೆಯ ಮೇಲೆ ಅವಳ ಮುಖವಿತ್ತು. ಆ ಮುಖಕ್ಕೆ ದನಿ ಕೊಡಲು ಗರಿಗರಿ ಹತ್ತಿ ಸೀರೆಯುಟ್ಟ ಮೃಣಾಲಿನಿ ಮೈಕಿನ ಮುಂದೆ ನಿಂತಿದ್ದಳು.

“ಕೇರಿ ಹುಡ್ಗಿನೇ ಬೇಕು ಅಂತ ನನ್ನ ಹುಡುಕ್ಕೊಂಡು ಬಂದ್ರಿ. ಈಗ ಮೋರೆ ಬೇಕು, ನಾಲ್ಗೆ ಬ್ಯಾಡ್ವಾ ಸಾರ್?”

“ನಿನ್ನ ಮಾತು ಜನಕ್ಕೆ ಅರ್ಥ ಆಗಲ್ಲ, ಹೋಗಮ್ಮ,” ಎಂದ ನಿರ್ದೇಶಕ.

ಹುಡುಗಿ ಮೃಣಾಲಿನಿಯತ್ತ ತಿರುಗಿದಳು. “ನಿಮ್ಗೇನ್ ಗೊತ್ತಕ್ಕ ನಮ್ ಸಿಟ್ಟು? ನಮ್ ಮನೇಲಿ ಒಂದ್ ಲೋಟ ನೀರು ಕುಡ್ದಿದ್ದೀರಾ ಯಾವತ್ತಾದ್ರೂ?”

“ಬಾಯಿ ಮುಚ್ಕೊಂಡು ಕೇಳು,” ಎಂದಳು ಮೃಣಾಲಿನಿ.

ದೃಶ್ಯ ಶುರುವಾಯಿತು. ಶಾಲೆ ಬಿಡಿಸಲು ಬಂದ ಸೋದರಮಾವನ ಎದುರು ತೆರೆಯ ಹುಡುಗಿ ಸೆಟೆದು ನಿಂತಳು. ಬರೆದುಕೊಟ್ಟ ಮಾತನ್ನು ಬಿಟ್ಟು ಮೃಣಾಲಿನಿ ಮೈಕಿನಲ್ಲಿ ಅಬ್ಬರಿಸಿದಳು. “ನಿನ್ ದೌಲತ್ತೆಲ್ಲ ನಿನ್ ಹೆಂಡ್ರು ಮುಂದೆ ಮಡಿಕ್ಕೋ ಮಾವ! ಹೊಸ್ಲು ದಾಟಿದ್ಯೋ, ಪೊರಕೆ ಸೇವೆ ಮಾಡ್ಬುಡ್ತೀನಿ!”

ಹುಡುಗಿಯ ಸಿಟ್ಟು ಇಳಿಯಿತು. “ಅಕ್ಕಾ, ಹಿಂಗೆ ನಮ್ಮೋರು ಮಾತ್ರ ಬಯ್ಯೋದು. ನೀವ್ ಯಾರ್ ಮನೆಯೋರು?”

ನಿರ್ದೇಶಕ ಚಪ್ಪಾಳೆ ತಟ್ಟಿದ. “ಹೌದು ಮೇಡಂ, ಎಲ್ಲಿ ಕಲಿತ್ರಿ ಇದನ್ನ?”

ಮೃಣಾಲಿನಿ ಹುಡುಗಿಯ ಕಡೆ ನೋಡಲಿಲ್ಲ. “ನಮ್ಮನೆ ಕೆಲಸದವಳು ಹೀಗೇ ಬಯ್ತಿದ್ದಳು,” ಎಂದಳು.

ಹೆತ್ತ ತಾಯಿಯನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು.